ಫೋಟೋಗೆ ಇಂಗ್ಲಿಷ್ ಸಾಲು: ಕಂಡದ್ದು ಮೊದಲು, ತಿಳಿದದ್ದು ಆಮೇಲೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಫೋಟೋ ತೆಗೆಯುವವರಿಗೂ ಕೊರತೆಯಿಲ್ಲ, ತೆಗೆಯಬೇಕಾದ ವಸ್ತುವಿಗೂ ಕೊರತೆಯಿಲ್ಲ. ತೊಗರ್ಸಿಯ ಮಲ್ಲಿಕಾರ್ಜುನ ದೇವಸ್ಥಾನ, ತಾಳಗುಂದದ ಪ್ರಣವೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ, ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ಗುಡ್ಡ, ಗುಡವಿಯ ಹಕ್ಕಿಗಳು, ಊರೂರಿನ ಗುಡಿಯ ಮುಂದೆ, ಕೆರೆ ಏರಿಯ ಮೇಲೆ ನಿಂತ ವೀರಗಲ್ಲುಗಳು. ಇವುಗಳ ಚಿತ್ರಗಳು ವಿಕಿಮೀಡಿಯ ಕಾಮನ್ಸ್‌ಗೆ, ಗೂಗಲ್ ಮ್ಯಾಪ್ಸ್‌ಗೆ, ಇನ್‌ಸ್ಟಾಗ್ರಾಮ್‌ಗೆ ಏರುತ್ತಲೇ ಇವೆ. ಹೊರಗಿನವರಿಗೂ ತಿಳಿಯಲಿ ಎಂದು ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯುವ ಹೊತ್ತಿಗೆ ಮಾತ್ರ ಕೈ ಕಟ್ಟಿದಂತಾಗುತ್ತದೆ. ಕೊನೆಗೆ ಬರುವ ಸಾಲು ಹೆಚ್ಚು ಕಡಿಮೆ ಹೀಗಿರುತ್ತದೆ: ‘ಇನ್ ದಿಸ್ ಫೋಟೋ ವಿ ಕ್ಯಾನ್ ಸೀ ದ ವೆರಿ ಏನ್ಷೆಂಟ್ ಅಂಡ್ ಬ್ಯೂಟಿಫುಲ್ ಹೀರೋ ಸ್ಟೋನ್ ಆಫ್ ಅವರ್ ತೊಗರ್ಸಿ ವಿಲೇಜ್.’ ವ್ಯಾಕರಣದಲ್ಲಿ ದೊಡ್ಡ ತಪ್ಪೇನೂ ಇಲ್ಲ. ಆದರೆ ಕಲ್ಲಿನ ಮೇಲೆ ಏನು ಕೆತ್ತಿದೆ, ಅದು ಎಲ್ಲಿ ನಿಂತಿದೆ, ಒಡೆದಿದೆಯೋ ಇಡಿಯಾಗಿದೆಯೋ, ಯಾವುದೂ ಗೊತ್ತಾಗುವುದಿಲ್ಲ. ಊರ ಹೆಸರು ಬದಲಿಸಿದರೆ ಅದೇ ಸಾಲನ್ನು ಯಾವ ಊರಿನ ಯಾವ ಕಲ್ಲಿಗಾದರೂ ಅಂಟಿಸಬಹುದು.

ಇಂಗ್ಲಿಷ್ ಸಾಲದೇ ಹೀಗಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದಕ್ಕೇ ಅನೇಕರು ನಿಘಂಟು ತೆರೆದು ಇನ್ನಷ್ಟು ದೊಡ್ಡ ಪದ ಹುಡುಕುತ್ತಾರೆ. ‘ಬ್ಯೂಟಿಫುಲ್’ ಹೋಗಿ ‘ಮ್ಯಾಗ್ನಿಫಿಸೆಂಟ್’ ಬರುತ್ತದೆ, ಸಾಲು ಮಾತ್ರ ಇದ್ದಲ್ಲೇ ಇರುತ್ತದೆ. ತೊಡಕು ಶುರುವಾಗುವುದು ಬರೆಯುವುದಕ್ಕಿಂತ ಮೊದಲೇ ಎಂಬುದು ನನ್ನ ವಾದ. ಕಣ್ಣಿಗೆ ಕಂಡದ್ದು, ನಮಗೆ ಮೊದಲೇ ಗೊತ್ತಿರುವುದು, ಊರಿನ ಮೇಲೆ ನಮಗಿರುವ ಅಭಿಮಾನ ಈ ಮೂರನ್ನೂ ನಾವು ಒಂದೇ ವಾಕ್ಯಕ್ಕೆ ತುಂಬುತ್ತೇವೆ. ಕನ್ನಡದ ವಾಕ್ಯ ಆ ಭಾರವನ್ನು ತಡೆಯುತ್ತದೆ. ಇಂಗ್ಲಿಷ್ ವಾಕ್ಯ ತಡೆಯುವುದಿಲ್ಲ, ಅಲ್ಲೇ ಕುಸಿಯುತ್ತದೆ. ಕಂಡದ್ದನ್ನು ಮೊದಲ ವಾಕ್ಯದಲ್ಲಿ ಹೇಳಿ, ತಿಳಿದದ್ದನ್ನು ಎರಡನೆಯದಕ್ಕೆ ಇಟ್ಟು, ಮೆಚ್ಚುವ ಕೆಲಸವನ್ನು ನೋಡುವವರಿಗೆ ಬಿಟ್ಟುಕೊಟ್ಟರೆ ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷೇ ಸಾಕಾಗುತ್ತದೆ.

ಫೋಟೋ ಮತ್ತು ಇಂಗ್ಲಿಷ್ ಈ ಸೀಮೆಯಲ್ಲಿ ಜೊತೆಯಾದದ್ದು ಮೊಬೈಲ್ ಬಂದ ಮೇಲೆ ಅಲ್ಲ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸರ್ಕಾರದ ಪರವಾಗಿ ಚಿತ್ರದುರ್ಗ, ಹರಿಹರ, ಬಳ್ಳಿಗಾವಿ ಮೊದಲಾದ ಕಡೆಯ ಶಾಸನಗಳ ಫೋಟೋ ತೆಗೆದರು. ಬಿ. ಎಲ್. ರೈಸ್ ಅವರು ಆ ಫೋಟೋಗಳನ್ನೇ ಇಟ್ಟುಕೊಂಡು ಶಾಸನಗಳನ್ನು ಇಂಗ್ಲಿಷಿಗೆ ತಂದು 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪುಸ್ತಕ ಪ್ರಕಟಿಸಿದರು. ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಶಿಕಾರಿಪುರ ತಾಲ್ಲೂಕಿನ ಶಾಸನಗಳೂ ಎಂಟನೆಯ ಸಂಪುಟದಲ್ಲಿ, 1904ರಲ್ಲಿ, ಸೊರಬದವೂ ಬಂದವು. ಈ ಕೆಲಸ ಇಂದಿಗೂ ಬಳಕೆಯಲ್ಲಿರುವುದಕ್ಕೆ ಒಂದು ಮುಖ್ಯ ಕಾರಣ ಅದರ ಜೋಡಣೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ, ಊರು, ಕಲ್ಲು ಇರುವ ಜಾಗ. ಉದಾಹರಣೆಗೆ ತಾಳಗುಂದದ ಕದಂಬರ ಕಂಬದ ಶಾಸನ ಅಲ್ಲಿ ಶಿಕಾರಿಪುರ 176. ಕಲ್ಲು ಎಲ್ಲಿದೆ ಎಂಬುದು ಮೊದಲು, ಶಾಸನ ಏನು ಹೇಳುತ್ತದೆ ಎಂಬುದು ಆಮೇಲೆ. ಪಾಠದಲ್ಲಿ, ಅನುವಾದದಲ್ಲಿ ಮುಂದಿನ ವಿದ್ವಾಂಸರು ತಿದ್ದುಪಡಿ ಮಾಡಲು ಸಾಧ್ಯವಾದದ್ದೂ ಇದರಿಂದಲೇ. ಜಾಗ, ವಸ್ತು, ಅರ್ಥ ಮೂರೂ ಬೇರೆಬೇರೆಯಾಗಿ ನಿಂತಿರುವುದರಿಂದ ಒಂದು ತಪ್ಪಿದರೆ ಉಳಿದೆರಡು ಕೆಡುವುದಿಲ್ಲ.

ಅದೇ ಶಿಸ್ತನ್ನು ಒಂದು ವೀರಗಲ್ಲಿನ ಫೋಟೋದ ಮೇಲೆ ಇಟ್ಟು ನೋಡೋಣ. ಸೊರಬದ ಉದ್ರಿ ಇಂಥ ಕಲ್ಲುಗಳಿಗೇ ಹೆಸರಾದ ಊರು, ಶಿಕಾರಿಪುರದ ಕಡೆಯೂ ಬೇಕಾದಷ್ಟಿವೆ. ಹೆಚ್ಚಿನವು ಮೂರು ಪಟ್ಟಿಕೆಗಳ ಕಲ್ಲುಗಳು. ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ, ತುರುಗಾಳಗವಾದರೆ ಪಕ್ಕದಲ್ಲೇ ಹಸುಗಳು. ನಡುವೆ ಸತ್ತ ವೀರನನ್ನು ಎರಡೂ ಪಕ್ಕದಲ್ಲಿ ಹಿಡಿದು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ, ಚಂದ್ರ. ಇದನ್ನು ಹೇಳಲು ಬೇಕಾದ ಇಂಗ್ಲಿಷ್ ಎಷ್ಟು? ‘ಎ ಹೀರೋ ಸ್ಟೋನ್ ಕಾರ್ವ್ಡ್ ಇನ್ ತ್ರೀ ಪ್ಯಾನಲ್ಸ್.’ ಇದು ಮೊದಲ ವಾಕ್ಯ. ‘ಇನ್ ದ ಲೋಯೆಸ್ಟ್ ಪ್ಯಾನಲ್, ಎ ಮ್ಯಾನ್ ವಿತ್ ಎ ಸೋರ್ಡ್ ಫೈಟ್ಸ್ ಟೂ ಆರ್ಚರ್ಸ್ ಬಿಸೈಡ್ ಎ ರೋ ಆಫ್ ಕ್ಯಾಟಲ್.’ ಕತ್ತಿ ಇದೆಯೋ ಬಿಲ್ಲು ಇದೆಯೋ, ಎದುರಾಳಿಗಳು ಇಬ್ಬರೋ ಮೂವರೋ ಎಂದು ಫೋಟೋವನ್ನು ಹಿಗ್ಗಿಸಿ ಎಣಿಸಿಯೇ ಬರೆಯಬೇಕು. ‘ಇನ್ ದ ಮಿಡಲ್, ಟೂ ವಿಮೆನ್ ಕ್ಯಾರಿ ಹಿಮ್ ಅಪ್ವರ್ಡ್. ಅಟ್ ದ ಟಾಪ್, ಹಿ ಸಿಟ್ಸ್ ಬಿಫೋರ್ ಎ ಲಿಂಗ, ಅಂಡರ್ ದ ಸನ್ ಅಂಡ್ ಮೂನ್.’ ಒಂದೇ ಒಂದು ಕಷ್ಟದ ಪದ ಇಲ್ಲ. ಆದರೂ ಕಲ್ಲನ್ನು ಕಾಣದವನ ಮನಸ್ಸಿನಲ್ಲೂ ಕಲ್ಲು ನಿಲ್ಲುತ್ತದೆ. ‘ಅಪ್ಸರೆ’ ಎಂಬ ಗುರುತು, ‘ತುರುಗಾಳಗದಲ್ಲಿ ಮಡಿದವನ ನೆನಪಿನ ಕಲ್ಲು’ ಎಂಬ ವಿವರಣೆ, ಶಾಸನವಿದ್ದರೆ ಅದರ ಕಾಲ, ಇವೆಲ್ಲ ಮುಂದಿನ ವಾಕ್ಯಗಳಲ್ಲಿ ಬರಲಿ. ಮಹಾಸತಿಗಲ್ಲಿಗೂ ಇದೇ ಕ್ರಮ: ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಬಾಗಿ ಮೇಲೆತ್ತಿದ ಕೈ, ಕೈಯಲ್ಲಿ ಬಳೆ. ಇದನ್ನು ಬರೆದ ಮೇಲೆ ‘ಸತಿ ಸ್ಟೋನ್’ ಎನ್ನಿ. ಎರಡಕ್ಕೂ ‘ಟೂಂಬ್‌ಸ್ಟೋನ್’ ಎಂದು ಬರೆಯುವವರಿದ್ದಾರೆ. ಅದು ಹೂತ ಜಾಗದ ಗುರುತಿನ ಕಲ್ಲು. ವೀರಗಲ್ಲು ನೆನಪಿನ ಕಲ್ಲು.

ಕಂಡದ್ದನ್ನೂ ತಿಳಿದದ್ದನ್ನೂ ಬೆರೆಸಿದರೆ ಏನಾಗುತ್ತದೆ ಎಂಬುದು ಬಳ್ಳಿಗಾವಿಯ ಕೇದಾರೇಶ್ವರದಲ್ಲಿ ಇನ್ನೂ ಸ್ಪಷ್ಟ. ಅಲ್ಲಿ ಗೋಪುರದ ಮುಂಚಾಚಿನ ಮೇಲೆ ಮನುಷ್ಯನೊಬ್ಬ ಸಿಂಹದೊಡನೆ ಹೋರಾಡುವ ಶಿಲ್ಪವಿದೆ, ಅದು ಹೊಯ್ಸಳರ ಲಾಂಛನ. ಅದನ್ನು ಕಂಡ ಕೂಡಲೇ ‘ಹೊಯ್ಸಳ ಟೆಂಪಲ್, ಬಿಲ್ಟ್ ಬೈ ಹೊಯ್ಸಳ ಕಿಂಗ್ಸ್’ ಎಂದು ಬರೆದುಬಿಡುತ್ತಾರೆ. ಆದರೆ ಬಳ್ಳಿಗಾವಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ದೊಡ್ಡ ಪಟ್ಟಣವಾಗಿತ್ತು. ಗುಡಿ ಕಟ್ಟಿದ್ದು ಯಾವಾಗ, ಲಾಂಛನ ಸೇರಿದ್ದು ಯಾವಾಗ ಎಂಬುದು ಶಾಸನ ನೋಡಿ ಹೇಳಬೇಕಾದ ಮಾತು, ಫೋಟೋ ನೋಡಿ ಹೇಳುವಂಥದ್ದಲ್ಲ. ‘ಎ ಮ್ಯಾನ್ ಫೈಟಿಂಗ್ ಎ ಲಯನ್, ಕಾರ್ವ್ಡ್ ಇನ್ ಸ್ಟೋನ್, ಆನ್ ದ ಟವರ್ ಆಫ್ ದ ಕೇದಾರೇಶ್ವರ ಟೆಂಪಲ್’ ಎಂಬ ಸಾಲು ಯಾವ ವಿದ್ವಾಂಸರ ಅಭಿಪ್ರಾಯ ಬದಲಾದರೂ ಸುಳ್ಳಾಗುವುದಿಲ್ಲ. ಅಲ್ಲೇ ಹತ್ತಿರದ ಭೇರುಂಡ ಕಂಬ 1047ರದು. ಅಲ್ಲಿಯ ಭೇರುಂಡ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಬರೀ ‘ಗಂಡಭೇರುಂಡ’ ಎಂದು ಬರೆದು ಬಿಟ್ಟರೆ ಸರ್ಕಾರಿ ಲಾಂಛನದ ಎರಡು ತಲೆಯ ಹಕ್ಕಿಯೇ ಓದುಗರ ಕಣ್ಣಿಗೆ ಬರುತ್ತದೆ, ಬಳ್ಳಿಗಾವಿಯ ಮೂರ್ತಿಯ ವಿಶೇಷವೇ ತಪ್ಪಿಹೋಗುತ್ತದೆ. ‘ಎ ಫಿಗರ್ ವಿತ್ ಎ ಹ್ಯೂಮನ್ ಬಾಡಿ ಅಂಡ್ ಟೂ ಬರ್ಡ್ಸ್ ಹೆಡ್ಸ್’ ಎಂದು ಸೇರಿಸಿದರೆ ತಪ್ಪುವುದಿಲ್ಲ.

ಇನ್ನು ವಾಕ್ಯದ ಕಟ್ಟು. ಕನ್ನಡದಲ್ಲಿ ನಾಮಪದಕ್ಕೆ ಸೇರುವ ವಿವರವೆಲ್ಲ ಅದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ: ‘ತಲೆಯ ಮೇಲೆ ಚಿತ್ತಾರದ ಬುಟ್ಟಿ ಹೊತ್ತು ಗದ್ದೆಯಲ್ಲಿ ನಡೆಯುತ್ತಿರುವ ರೈತ’. ರೈತ ಬರುವುದು ಕೊನೆಗೆ. ಇಂಗ್ಲಿಷಿನಲ್ಲಿ ರೈತ ಮೊದಲು ಬಂದು ನಿಲ್ಲಬೇಕು, ಬುಟ್ಟಿ, ತಲೆ, ಗದ್ದೆ ಆತನ ನಂತರ ಬರಬೇಕು: ‘ಎ ಫಾರ್ಮರ್ ಕ್ಯಾರಿಯಿಂಗ್ ಎ ಪೇಂಟೆಡ್ ಬಾಸ್ಕೆಟ್ ಆನ್ ಹಿಸ್ ಹೆಡ್ ವಾಕ್ಸ್ ಥ್ರೂ ಎ ಪ್ಯಾಡಿ ಫೀಲ್ಡ್.’ ಹೊತ್ತ, ಹಿಡಿದ, ಉಟ್ಟ, ಕುಳಿತ ಎಂಬ ಕನ್ನಡದ ರೂಪಗಳಿಗೆ ಇಂಗ್ಲಿಷಿನಲ್ಲಿ ಕ್ಯಾರಿಯಿಂಗ್, ಹೋಲ್ಡಿಂಗ್, ವೇರಿಂಗ್, ಸಿಟಿಂಗ್ ಎಂಬವು ನಾಮಪದದ ನಂತರ ಬರುತ್ತವೆ. ಈ ಒಂದು ತಿರುವು ಕೈಗೆ ಹತ್ತಿದರೆ ಅರ್ಧ ಕೆಲಸ ಮುಗಿಯಿತು. ಈ ಉದಾಹರಣೆ ಭೂಮಿ ಹುಣ್ಣಿಮೆಯದು. ಮಲೆನಾಡಿನ ದೀವರ ಹೆಣ್ಣುಮಕ್ಕಳು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬೆಳಗಿನ ಜಾವ ರೈತರು ಅದರಲ್ಲಿ ಎಡೆ ತುಂಬಿಕೊಂಡು ಗದ್ದೆಗೆ ಹೋಗುತ್ತಾರೆ. ಇಷ್ಟನ್ನೂ ಮೊದಲ ವಾಕ್ಯಕ್ಕೆ ಕಟ್ಟಿದರೆ ರೈತ ಬುಟ್ಟಿಯಡಿ ಮುಚ್ಚಿಹೋಗುತ್ತಾನೆ. ಎರಡನೆಯ ವಾಕ್ಯ ತೆರೆಯಿರಿ: ‘ದ ಬಾಸ್ಕೆಟ್ ಹೋಲ್ಡ್ಸ್ ಫುಡ್ ಫಾರ್ ಭೂಮಿ ಹುಣ್ಣಿಮೆ, ಎ ಫುಲ್ ಮೂನ್ ಫೆಸ್ಟಿವಲ್ ವೆನ್ ಫಾರ್ಮರ್ಸ್ ಮೇಕ್ ಆಫರಿಂಗ್ಸ್ ಟು ದಿ ಅರ್ತ್.’ ಹಬ್ಬದ ಹೆಸರು ಹಾಗೆಯೇ ಉಳಿಯಿತು, ಅರ್ಥವೂ ಪಕ್ಕದಲ್ಲೇ ಸಿಕ್ಕಿತು.

ಕ್ರಿಯಾಪದದ ಕಾಲದ ವಿಷಯ ಸುಲಭ. ಫೋಟೋದೊಳಗೆ ನಡೆಯುತ್ತಿರುವುದಕ್ಕೆ ವರ್ತಮಾನ, ಚರಿತ್ರೆಗೆ ಭೂತ. ಕಂಬ ‘ಸ್ಟ್ಯಾಂಡ್ಸ್’, ಆದರೆ ಅದನ್ನು ನಿಲ್ಲಿಸಿದ್ದು ‘ವಾಸ್ ರೇಸ್ಡ್ ಇನ್ 1047’. ಗುಡಿಗೆ ಮೂರು ಗರ್ಭಗೃಹಗಳಿದ್ದರೆ ‘ಹ್ಯಾಸ್ ತ್ರೀ ಶ್ರೈನ್ಸ್’, ‘ಈಸ್ ಹ್ಯಾವಿಂಗ್’ ಬೇಡ. ‘ಆರ್ ಸೀನ್’, ‘ಕ್ಯಾನ್ ಬಿ ಸೀನ್’ ಎಂಬುವನ್ನು ಪೂರ್ತಿ ಬಿಟ್ಟುಬಿಡಿ. ಫೋಟೋ ನೋಡುತ್ತಿರುವವರಿಗೆ ಅದು ಕಾಣುತ್ತಿದೆ ಎಂದು ಹೇಳಬೇಕಾಗಿಲ್ಲ.

‘ಎ’, ‘ದ’ಗಳ ಗೋಜು ಕನ್ನಡಿಗರಿಗೆ ನಿಜವಾಗಿಯೂ ಕಷ್ಟ, ಏಕೆಂದರೆ ನಮ್ಮಲ್ಲಿ ಅಂಥ ವ್ಯವಸ್ಥೆಯೇ ಇಲ್ಲ. ಫೋಟೋದ ಮಟ್ಟಿಗೆ ಒಂದು ನಿಯಮ ಬಹುಪಾಲು ಸಂದರ್ಭಕ್ಕೆ ಸಾಕು: ಓದುಗರಿಗೆ ಮೊದಲ ಸಲ ತೋರಿಸುತ್ತಿರುವ ವಸ್ತುವಿಗೆ ‘ಎ’, ಅದೇ ವಸ್ತು ಮತ್ತೆ ಬಂದಾಗ ಅಥವಾ ಅಲ್ಲಿ ಅದೊಂದೇ ಇರುವಾಗ ‘ದ’. ‘ಎ ಪಿಲ್ಲರ್ ಸ್ಟ್ಯಾಂಡ್ಸ್ ಇನ್ ಫ್ರಂಟ್ ಆಫ್ ದ ಪ್ರಣವೇಶ್ವರ ಟೆಂಪಲ್. ದ ಪಿಲ್ಲರ್ ಹ್ಯಾಸ್ ಎಯ್ಟ್ ಸೈಡ್ಸ್, ವಿತ್ ಲೆಟರ್ಸ್ ಕಟ್ ಅಲಾಂಗ್ ಇಟ್ಸ್ ಲೆಂಗ್ತ್.’ ಕಂಬ ಮೊದಲು ‘ಎ’ ಹಾಕಿಕೊಂಡು ಬಂತು, ಎರಡನೆಯ ಸಲ ‘ದ’ ಆಯಿತು. ಹೆಸರಿರುವ ಗುಡಿ ಮೊದಲಿನಿಂದಲೂ ‘ದ’. ಊರ ಹೆಸರಿಗೆ ಎರಡೂ ಬೇಡ. ಇನ್ನು ‘ಅಲ್ಲಿ’ ಎಂಬ ಒಂದೇ ವಿಭಕ್ತಿ ನಮಗೆ ಎಲ್ಲ ಕಡೆಗೂ ಒದಗುತ್ತದೆ, ಇಂಗ್ಲಿಷಿನಲ್ಲಿ ಅದು ಮೂರಾಗಿ ಒಡೆಯುತ್ತದೆ. ಊರಿಗೆ ‘ಇನ್’, ಕಂಬದ ಮೇಲ್ಮೈಗೆ ‘ಆನ್’, ನಿರ್ದಿಷ್ಟ ಜಾಗಕ್ಕೆ ‘ಅಟ್’. ‘ಫೋಟೋದಲ್ಲಿ’ ಎಂಬುದು ನೇರವಾಗಿ ‘ಇನ್ ದ ಫೋಟೋ’ ಆಗುತ್ತದೆ, ಇಲ್ಲಿ ಕನ್ನಡವೇ ನಮ್ಮ ಕೈ ಹಿಡಿಯುತ್ತದೆ. ಜರ್ಮನ್, ಫ್ರೆಂಚ್ ಮಾತಾಡುವವರು ತಮ್ಮ ಭಾಷೆಯ ರೂಢಿಯಂತೆ ‘ಆನ್ ದ ಫೋಟೋ’ ಎಂದು ಎಡವುವುದುಂಟು. ಆದರೆ ‘ಎಡಭಾಗದಲ್ಲಿ’ ಎಂಬುದು ‘ಇನ್ ದ ಲೆಫ್ಟ್ ಸೈಡ್’ ಆಗದು, ‘ಆನ್ ದ ಲೆಫ್ಟ್’ ಆಗಬೇಕು. ಹಿಂದೆ ಇರುವುದಕ್ಕೆ ‘ಬಿಹೈಂಡ್’ ಸಾಕು. ‘ಬ್ಯಾಕ್‌ಸೈಡ್’ ಎಂದರೆ ಹೊರಗಿನವರಿಗೆ ಮನುಷ್ಯರ ಹಿಂಭಾಗ.

ಎಡ ಬಲದ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಶಿಲ್ಪದ ಫೋಟೋಗಳಲ್ಲಿ ಇದು ನಿಜವಾದ ಗೊಂದಲ ತರುತ್ತದೆ. ನಮ್ಮ ಶಿಲ್ಪಶಾಸ್ತ್ರದಲ್ಲಿ ಬಲಗೈ ಎಂದರೆ ಮೂರ್ತಿಯ ಬಲಗೈ. ಎದುರು ನಿಂತು ನೋಡುವವರಿಗೆ ಅದು ಎಡಕ್ಕೆ ಕಾಣುತ್ತದೆ. ಫೋಟೋ ವಿವರಿಸುವಾಗ ಯಾರ ಎಡ, ಯಾರ ಬಲ ಎಂದು ಹೇಳದಿದ್ದರೆ ಡಮರು ತ್ರಿಶೂಲವಾಗಿಬಿಡುತ್ತದೆ. ಮೂರ್ತಿಯ ಕೈಯಾದರೆ ‘ಇನ್ ಹಿಸ್ ರೈಟ್ ಹ್ಯಾಂಡ್’, ಚಿತ್ರದ ಪಕ್ಕವಾದರೆ ‘ಆನ್ ದ ಲೆಫ್ಟ್ ಆಫ್ ದ ಫೋಟೋ’ ಎಂದು ಬಿಡಿಸಿ ಬರೆಯಿರಿ. ಗುಡಿಯ ಗೋಡೆಯ ಚಿತ್ರವಾದರೆ ಎಡಬಲವನ್ನೇ ಬಿಟ್ಟು ದಿಕ್ಕು ಬರೆಯುವುದು ಲೇಸು. ‘ಸೌತ್ ವಾಲ್’ ಎಂದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಇಷ್ಟಾದ ಮೇಲೆ ಪದಗಳ ಆಯ್ಕೆ. ವಿಶೇಷಣದ ಮಾತು ಮೊದಲು ಮುಗಿಸಿಬಿಡೋಣ. ಫೇಮಸ್, ಬ್ಯೂಟಿಫುಲ್, ವಂಡರ್‌ಫುಲ್ ಇವು ಕಣ್ಣಿಗೆ ಏನನ್ನೂ ಕೊಡುವುದಿಲ್ಲ. ಗ್ರೇ, ಬ್ರೋಕನ್, ವೆದರ್ಡ್, ಮಾಸ್-ಕವರ್ಡ್ ಇವು ಕೊಡುತ್ತವೆ. ಸವೆದ ಕಲ್ಲನ್ನು ಸವೆದಿದೆ ಎಂದು ಬರೆಯುವುದು ಊರಿಗೆ ಅವಮಾನವಲ್ಲ, ಮುಂದೊಂದು ದಿನ ಅದು ಇನ್ನೆಷ್ಟು ಸವೆಯಿತು ಎಂದು ಅಳೆಯಲು ಆ ಸಾಲೇ ಆಧಾರವಾಗಬಹುದು. ನಾಮಪದಗಳಲ್ಲಿ ಹೆಚ್ಚು ಎಚ್ಚರ ಬೇಕು. ಪೂಜೆಗೊಳ್ಳುವ ಮೂರ್ತಿಗೆ ‘ಐಡಲ್’ ಎಂಬುದು ನಮ್ಮಲ್ಲಿ ರೂಢಿ, ಗೋಡೆಯ ಮೇಲಿನ ಕೆತ್ತನೆಗೆ ಅದು ಸಲ್ಲದು, ಅದು ‘ಕಾರ್ವಿಂಗ್’ ಅಥವಾ ‘ರಿಲೀಫ್’. ಸುತ್ತಲಿಂದಲೂ ಬಿಡಿಯಾಗಿ ನಿಂತದ್ದು ‘ಸ್ಟ್ಯಾಚ್ಯೂ’. ಅಡಿಕೆಗೆ ‘ಬೀಟಲ್ ನಟ್’ ಎಂದು ಬರೆಯುವುದು ಹಳೆಯ ರೂಢಿ. ಆದರೆ ‘ಬೀಟಲ್’ ಎಂಬುದು ವೀಳ್ಯದೆಲೆಯ ಬಳ್ಳಿಯ ಹೆಸರು. ಅಡಿಕೆ ಬೆಳೆಯುವ ನಾಡಿನವರೇ ‘ಅರೆಕಾನಟ್’ ಎಂದು ಬರೆದರೆ ಒಂದು ತಪ್ಪು ಕಡಿಮೆಯಾಗುತ್ತದೆ. ಸುಗ್ಗಿಯಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಫೋಟೋವನ್ನೇ ತೆಗೆದುಕೊಳ್ಳಿ. ‘ಲೇಡೀಸ್ ಆರ್ ಡೂಯಿಂಗ್ ಅರೆಕಾ ವರ್ಕ್’ ಎಂದರೆ ಯಾರಿಗೆ ಏನು ತಿಳಿದೀತು? ಮೆಟ್ಟುಗತ್ತಿಗೆ ಇಂಗ್ಲಿಷ್ ಹೆಸರು ಹುಡುಕುತ್ತ ಕೂರುವ ಬದಲು ಅದು ಹೇಗಿದೆ ಎಂದು ನೋಡಿ: ಮರದ ಮಣೆಗೆ ನೆಟ್ಟಗೆ ಕೂರಿಸಿದ ಅಲಗು. ‘ವಿಮೆನ್ ಸಿಟಿಂಗ್ ಆನ್ ದ ಫ್ಲೋರ್ ಹಸ್ಕ್ ಗ್ರೀನ್ ಅರೆಕಾನಟ್ಸ್ ಆನ್ ಬ್ಲೇಡ್ಸ್ ಫಿಕ್ಸ್ಡ್ ಅಪ್‌ರೈಟ್ ಟು ವುಡನ್ ಬೋರ್ಡ್ಸ್.’ ಬೇಕಾದರೆ ‘ಮೆಟ್ಟುಗತ್ತಿ’ ಎಂಬ ಹೆಸರನ್ನು ಜೊತೆಗಿಡಿ. ಹೆಸರು ಗೊತ್ತಿಲ್ಲದಿದ್ದರೂ ರೂಪ ಹೇಳಿದರೆ ಸಾಕು ಎಂಬುದಕ್ಕೆ ಗುಡವಿ ಇನ್ನೊಂದು ಸಾಕ್ಷಿ. ಬಿಳಿ ಕೆಂಬರಲಿನ ಇಂಗ್ಲಿಷ್ ಹೆಸರು ನೆನಪಿಗೆ ಬಾರದಿದ್ದರೆ ‘ಎ ಲಾರ್ಜ್ ವೈಟ್ ಬರ್ಡ್ ವಿತ್ ಎ ಬೇರ್ ಬ್ಲ್ಯಾಕ್ ಹೆಡ್ ಅಂಡ್ ಎ ಲಾಂಗ್, ಡೌನ್-ಕರ್ವ್ಡ್ ಬಿಲ್’ ಎಂದು ಬರೆಯಿರಿ. ಹಕ್ಕಿ ಬಲ್ಲವರು ಓದಿದ ಕ್ಷಣಕ್ಕೆ ‘ಬ್ಲ್ಯಾಕ್-ಹೆಡೆಡ್ ಐಬಿಸ್’ ಎಂದು ಗುರುತು ಹಿಡಿಯುತ್ತಾರೆ. ಊಹೆಯಿಂದ ‘ಸ್ಟಾರ್ಕ್’ ಎಂದು ಬರೆದಿದ್ದರೆ ಅವರೂ ದಾರಿ ತಪ್ಪುತ್ತಿದ್ದರು.

ಊರ ಹೆಸರಿನ ಕಾಗುಣಿತಕ್ಕೆ ನಾವು ಕೊಡುವ ಗಮನ ಬಹಳ ಕಡಿಮೆ. ಡಿಕ್ಸನ್, ರೈಸ್ ಕಾಲದ ಬರಹಗಳಲ್ಲಿ ಬಳ್ಳಿಗಾವಿ ‘ಬಲ್ಗಾಮಿ’, ‘ಬಲಗಾಮಿ’ ಆಗಿದೆ. ಇತಿಹಾಸದ ಪುಸ್ತಕಗಳಲ್ಲಿ ‘ಬಳ್ಳಿಗಾವೆ’ಯೂ ಇದೆ. ಹೀಗೆ ಒಂದೇ ಊರಿನ ಚಿತ್ರಗಳು ಬೇರೆಬೇರೆ ಹೆಸರಿನಡಿ ಚದುರಿವೆ, ಬೆಳಗಾವಿಯೊಡನೆ ಗೊಂದಲವಾಗುವುದು ಬೇರೆ. 2014ರ ನವೆಂಬರ್ 1ರಿಂದ ಶಿಮೊಗ ಅಧಿಕೃತವಾಗಿ ಶಿವಮೊಗ್ಗವಾಯಿತು. ಆದರೆ ಹಳೆಯ ಪುಸ್ತಕ, ನಕಾಶೆ, ಗ್ರಂಥಾಲಯದ ಪಟ್ಟಿಗಳಲ್ಲಿ ಹಿಂದಿನ ರೂಪವೇ ಉಳಿದಿದೆ. ಇಂದಿನ ಅಧಿಕೃತ ರೂಪವನ್ನು ಮೊದಲು ಬರೆದು, ಹಳೆಯದನ್ನು ಒಮ್ಮೆ ಜೊತೆಗೆ ಕೊಟ್ಟರೆ ಎರಡು ದಾರಿಯಿಂದಲೂ ಹುಡುಕುವವರು ನಿಮ್ಮ ಫೋಟೋ ತಲುಪುತ್ತಾರೆ. ತೊಗರ್ಸಿ ಎಂದಷ್ಟೇ ಬರೆದರೆ ಊರು ಎಲ್ಲಿದೆ ಎಂದು ದೂರದವರಿಗೆ ಗೊತ್ತಾಗದು. ತೊಗರ್ಸಿ, ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, ಕರ್ನಾಟಕ, ಇಂಡಿಯಾ ಎಂದು ಸಣ್ಣದರಿಂದ ದೊಡ್ಡದಕ್ಕೆ ಹೋಗಿ. ಶಾಸನದ ಕಲ್ಲಾದರೆ ಎಪಿಗ್ರಾಫಿಯಾ ಸಂಖ್ಯೆಯನ್ನೂ ಸೇರಿಸಿ. ಆ ಒಂದು ಸಂಖ್ಯೆ ನಿಮ್ಮ ಮೊಬೈಲ್ ಚಿತ್ರವನ್ನು ನೂರಿಪ್ಪತ್ತು ವರ್ಷದ ಹಿಂದಿನ ಪಾಠದೊಡನೆ ಸೇರಿಸುತ್ತದೆ.

ಕಂಡದ್ದು ಮೊದಲು ಎಂಬ ಕ್ರಮಕ್ಕೆ ಬಲವಾದ ಸಮರ್ಥನೆ ಬರುವುದು ಕಣ್ಣು ಕಾಣದ ಓದುಗರಿಂದ. ಎನ್‌ವಿಡಿಎ, ಟಾಕ್‌ಬ್ಯಾಕ್‌ನಂಥ ತಂತ್ರಾಂಶಗಳು ಪರದೆಯ ಮೇಲಿರುವುದನ್ನು ಓದಿ ಹೇಳುತ್ತವೆ. ಚಿತ್ರ ಬಂದಾಗ ಅದರ ಹಿಂದೆ ಬರೆದಿಟ್ಟ ‘ಆಲ್ಟ್ ಟೆಕ್ಸ್ಟ್’ ಅನ್ನು ಓದುತ್ತವೆ. ಅಂತರಜಾಲದ ಸುಗಮ ಬಳಕೆಯ ಮೊದಲ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರಲ್ಲಿ ಬಂದಾಗಿನಿಂದಲೂ ಚಿತ್ರಗಳಿಗೆ ಇಂಥ ವಿವರಣೆ ಇರಲೇಬೇಕೆಂಬ ಒತ್ತಾಯವಿದೆ. ಇನ್‌ಸ್ಟಾಗ್ರಾಮ್ 2018ರಲ್ಲಿ ಇದಕ್ಕೆ ಜಾಗ ಮಾಡಿತು. ತಂತ್ರಾಂಶವೇ ‘ಇಮೇಜ್’ ಎಂದು ಹೇಳುವುದರಿಂದ ‘ದಿಸ್ ಈಸ್ ಎ ಫೋಟೋ ಆಫ್’ ಎಂದು ಮತ್ತೆ ಬರೆದರೆ ಕೇಳುವವರಿಗೆ ಅದು ಬರೀ ತಡೆ. ಅವರಿಗೆ ‘ಬ್ಯೂಟಿಫುಲ್ ಟೆಂಪಲ್’ ಎಂದರೆ ಶೂನ್ಯ. ‘ಎ ಲೋ ಸ್ಟೋನ್ ಟೆಂಪಲ್ ವಿತ್ ತ್ರೀ ಸ್ಟೆಪ್ಡ್ ಟವರ್ಸ್, ಆನ್ ಎ ಗ್ರೀನ್ ಲಾನ್’ ಎಂದರೆ ಒಂದು ಗುಡಿ. ಅವರಿಗೆ ತಲುಪುವಂತೆ ಬರೆದ ಸಾಲು ಕಣ್ಣಿದ್ದವರಿಗೂ ಚೆನ್ನಾಗಿ ತಲುಪುತ್ತದೆ, ಹುಡುಕಾಟದ ಯಂತ್ರಕ್ಕೂ ಸಿಗುತ್ತದೆ.

ಈ ಮಾತಿಗೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಇಷ್ಟೆಲ್ಲ ಪಾಡೇಕೆ, ಯಂತ್ರವೇ ಫೋಟೋ ನೋಡಿ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಡುತ್ತದಲ್ಲ ಎಂಬುದು ಮೊದಲನೆಯದು. ಯಂತ್ರದ ವ್ಯಾಕರಣ ನಮ್ಮದಕ್ಕಿಂತ ಚೆನ್ನಾಗಿರಬಹುದು, ಒಪ್ಪಿದೆ. ಆದರೆ ಫೋಟೋದೊಳಗೆ ಇಲ್ಲದ್ದನ್ನು ಅದು ನೋಡಲಾರದು: ಕಲ್ಲು ಯಾವ ಊರಿನದು, ಯಾವ ದಿಕ್ಕಿಗಿದೆ, ಹಿಂದೆ ಎಲ್ಲಿತ್ತು. ಸವೆದ ಅಪ್ಸರೆಯನ್ನು ಯೋಧನೆಂದು, ವೀರಗಲ್ಲನ್ನು ಸಮಾಧಿ ಕಲ್ಲೆಂದು ಅದು ಅಷ್ಟೇ ಧೈರ್ಯದಿಂದ ಬರೆಯಬಲ್ಲದು. ತಪ್ಪನ್ನು ಹಿಡಿಯಬೇಕಾದವರು ನಾವೇ, ಹಿಡಿಯಲು ನಾವು ಕಲ್ಲನ್ನು ನೋಡಿರಬೇಕು. ಯಂತ್ರವನ್ನು ಬಳಸುವುದಾದರೆ ಒಂದು ಉಪಾಯ ಹೇಳುತ್ತೇನೆ. ಕಂಡದ್ದನ್ನು ಕನ್ನಡದಲ್ಲೇ ಸಣ್ಣಸಣ್ಣ ವಾಕ್ಯಗಳಲ್ಲಿ, ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ ಇಟ್ಟು ಬರೆದು ಅನುವಾದಕ್ಕೆ ಕೊಡಿ. ಹೊತ್ತು, ನಡೆದು, ಬಂದು ನಿಂತ ಎಂದು ಹೆಣೆದ ಉದ್ದ ವಾಕ್ಯ ಕೊಟ್ಟರೆ ಯಾರು ಹೊತ್ತರು, ಯಾರು ನಿಂತರು ಎಂಬುದು ಕಲಸಿಹೋಗುವ ಅಪಾಯ ಹೆಚ್ಚು. ಬಂದ ಇಂಗ್ಲಿಷ್ ಸಹಜವಾಗಿದೆಯೇ ಎಂಬ ಅನುಮಾನವಿದ್ದರೆ ಆ ಪದಪುಂಜವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ದೊಡ್ಡ ಮ್ಯೂಸಿಯಂಗಳ, ಪತ್ರಿಕೆಗಳ ಬರಹದಲ್ಲಿ ಅದು ಸಿಕ್ಕಿದರೆ ಉಳಿಸಿಕೊಳ್ಳಿ.

ನಮ್ಮ ಇಂಗ್ಲಿಷ್ ನಮ್ಮದು, ಲಂಡನ್ನಿನವರ ಮೆಚ್ಚುಗೆಗೆ ಏಕೆ ತಿದ್ದಬೇಕು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ‘ಪ್ಯಾಡಿ ಫೀಲ್ಡ್’, ‘ಹೀರೋ ಸ್ಟೋನ್’, ‘ಟೆಂಪಲ್ ಕಾರ್’ ಇವೆಲ್ಲ ಈ ನೆಲದ ಅಗತ್ಯಕ್ಕೆ ಹುಟ್ಟಿ ಬೆಳೆದ ಇಂಗ್ಲಿಷ್, ಇವನ್ನು ಯಾರೂ ತಿದ್ದಬೇಕಾಗಿಲ್ಲ. ಲಿಂಗ, ಹುಣ್ಣಿಮೆ, ಚಿತ್ತಾರ ಎಂಬ ಪದಗಳೂ ಹಾಗೆಯೇ ಉಳಿಯಲಿ. ನನ್ನ ಅಳತೆಗೋಲು ಒಂದೇ: ಓದುವವರು ಎಲ್ಲಿ ತಡವರಿಸುತ್ತಾರೆ? ‘ಟೆಂಪಲ್ ಕಾರ್’ ಎಂದು ಓದಿ ಮೋಟಾರು ಕಾರು ಎಂದುಕೊಂಡಾರು ಎನಿಸಿದರೆ ‘ವುಡನ್ ಚಾರಿಯಟ್’ ಎನ್ನಿ. ಮದುವೆ ಮನೆಯ ಚಿತ್ರಕ್ಕೆ ‘ಮ್ಯಾರೇಜ್ ಫೋಟೋ’ ಎಂದರೆ ಅರ್ಥವಾಗುತ್ತದೆ, ‘ವೆಡಿಂಗ್’ ಎಂದರೆ ತಡೆಯಿಲ್ಲದೆ ಅರ್ಥವಾಗುತ್ತದೆ. ಎರಡನೆಯದನ್ನು ಆರಿಸಿದರೆ ನಮ್ಮತನ ಕಳೆದುಹೋಗುವುದಿಲ್ಲ.

ಇಂಗ್ಲಿಷೇ ಏಕೆ, ಕನ್ನಡ ಸಾಲದೇ ಎಂಬ ಪ್ರಶ್ನೆ ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕನ್ನಡದ ಸಾಲು ಇರಲೇಬೇಕು, ಮೊದಲು ಇರಬೇಕು. ಕಾಮನ್ಸ್‌ನಲ್ಲಿ ಒಂದೇ ಚಿತ್ರಕ್ಕೆ ಎಷ್ಟು ಭಾಷೆಗಳಲ್ಲಿ ಬೇಕಾದರೂ ವಿವರಣೆ ಕೊಡಬಹುದು. ಹಾಗಿದ್ದೂ ಕನ್ನಡದ ಚೌಕವನ್ನು ಕನ್ನಡಿಗರೇ ಖಾಲಿ ಬಿಡುವುದು ಬೇಸರದ ಸಂಗತಿ. ಆದರೆ ತಾಳಗುಂದದ ಕಂಬವನ್ನು ಅಧ್ಯಯನ ಮಾಡುವವರು ಮೈಸೂರಿನಲ್ಲಷ್ಟೇ ಇಲ್ಲ. ಕನ್ನಡ ಓದಲಾರದ ವಿದ್ಯಾರ್ಥಿಯೊಬ್ಬಳು ಹೈದರಾಬಾದಿನಲ್ಲೋ ಲೈಡನ್ನಿನಲ್ಲೋ ಕುಳಿತು ನಿಮ್ಮ ಫೋಟೋ ಹುಡುಕಿದಾಗ ಅವಳಿಗೆ ಇಂಗ್ಲಿಷ್ ಸಾಲೇ ದಾರಿ. ಜೊತೆಗೆ ಕಂಡದ್ದನ್ನು, ತಿಳಿದದ್ದನ್ನು ಬೇರ್ಪಡಿಸಿ ಬರೆಯುವ ಅಭ್ಯಾಸ ಕನ್ನಡದ ಸಾಲಿಗೂ ಅಷ್ಟೇ ಬೇಕು. ‘ನಮ್ಮೂರ ಪ್ರಸಿದ್ಧ ಪುರಾತನ ವೀರಗಲ್ಲು’ ಎಂಬ ಕನ್ನಡವೂ ಆ ಇಂಗ್ಲಿಷಿನಷ್ಟೇ ಬರಿದು.

ಇನ್ನೊಂದು ಎಚ್ಚರ: ಮನುಷ್ಯರ ಫೋಟೋ ಹಾಕುವಾಗ ಹೆಸರು ಬರೆಯುವ ಮುನ್ನ ಅವರನ್ನು ಕೇಳಿ, ಮಕ್ಕಳ ಹೆಸರನ್ನು ಬಿಟ್ಟೇಬಿಡಿ. ‘ಎ ಗರ್ಲ್ ಹೋಲ್ಡಿಂಗ್ ಎ ಲ್ಯಾಂಪ್’ ಎಂದರೆ ಚಿತ್ರಕ್ಕೆ ಏನೂ ಕಡಿಮೆಯಾಗುವುದಿಲ್ಲ.

ತೊಗರ್ಸಿಯ, ಆನವಟ್ಟಿಯ, ಶಿರಾಳಕೊಪ್ಪದ ಹೈಸ್ಕೂಲು, ಕಾಲೇಜುಗಳ ಇಂಗ್ಲಿಷ್ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ. ಚಿತ್ರ ನೋಡಿ ಬರೆಯುವ ಅಭ್ಯಾಸಕ್ಕೆ ಪುಸ್ತಕದ ರೈಲು ನಿಲ್ದಾಣ, ಸಮುದ್ರ ತೀರದ ಬದಲು ಮಕ್ಕಳ ಊರಿನದೇ ಒಂದು ಕಲ್ಲು, ಒಂದು ಕಣ, ಒಂದು ತೇರಿನ ಫೋಟೋ ಕೊಡಿ. ಮೊದಲ ಮೂರು ವಾಕ್ಯಗಳಲ್ಲಿ ಕಂಡದ್ದನ್ನು ಬಿಟ್ಟು ಬೇರೇನೂ ಬರೆಯಬಾರದು ಎಂದು ಹೇಳಿ. ಬರೆದ ಮೇಲೆ ಊರು, ತಾಲ್ಲೂಕು, ತೆಗೆದ ತಿಂಗಳು, ವರ್ಷ, ಕಲ್ಲಾದರೆ ಅದು ಮುಖ ಮಾಡಿರುವ ದಿಕ್ಕು ಸೇರಿಸಿ, ಕನ್ನಡದ ಸಾಲಿನ ಜೊತೆಗೆ ಕಾಮನ್ಸ್‌ಗೆ ಏರಿಸಲಿ. ಹೊಲ, ತೋಟ, ಕೆರೆ ಏರಿಗಳಲ್ಲಿ ನಿಂತ ಎಷ್ಟೋ ಕಲ್ಲುಗಳಿಗೆ ಇಂದಿಗೂ ಒಂದು ಸರಿಯಾದ ಫೋಟೋ ಇಲ್ಲ, ಇದ್ದರೆ ಅದರ ಕೆಳಗೆ ಊರ ಹೆಸರಿಲ್ಲ.